ಮ್ಯಾಂಡೊಲಿನ್ ನುಡಿಸುವವಳ ಸಾಕ್ಷಿ

ಲೋಟಾದ ಗುಡ್ಡದ ಮೇಲಿನ ತಗಡುಮಾಡಿನ ಸಭೆಯಲ್ಲಿ
ನಲವತ್ತೊಂದು ವರ್ಷ ಮ್ಯಾಂಡೊಲಿನ್ ನುಡಿಸಿದ್ದೇನೆ
ನಾನು, ಎಡುವಿಗಿಸ್, ಕಲ್ಲಿದ್ದಲು ಅಗೆಯುವವನ ಹೆಂಡತಿ.
ಎಡಗೈ ಬೆರಳ ತುದಿಗಳು ಜಡ್ಡುಗಟ್ಟಿವೆ,
ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ.
ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಮೂರು ಸಲ ‘ದೇವರಿಗೆ ಮಹಿಮೆ’ ಎಂದು ಕೂಗಿದ ಮೇಲೆ
ಬೆಂಚುಗಳ ಕಾಲು ನಡುಗತೊಡಗುತ್ತವೆ.
ಮೊದಲು ಏಳುವವಳು ನನ್ನ ತಂಗಿ ಕ್ಲೋರಿಂಡಾ.
ಮೀನು ಮಾರುವ ದಪ್ಪ ಹೆಂಗಸು, ಮಂಡಿನೋವು ಬೇರೆ,
ಆತ್ಮ ಇಳಿಯಿತೋ,
ತಂತಿಯ ಮೇಲೆ ಗಾಳಿಗೆ ಸಿಕ್ಕ ಲಂಗದ ಹಾಗೆ
ಒಂದೆಡೆ ನಿಲ್ಲಲಾರಳು.
ಆಮೇಲೆ ಬೆವರೊರೆಸಿಕೊಳ್ಳುತ್ತ ಕೇಳುತ್ತಾಳೆ:
‘ಬೆನ್ನುಹುರಿಗುಂಟ ಬಿಸಿ ಎಣ್ಣೆ ಸುರಿದ ಹಾಗಾಯ್ತಕ್ಕ,
ನಿನಗೆ?’

ನನಗೆ ತಂತಿ. ನನಗೆ ತಾಳ.
ಅವಳು ಕುಣಿಯುವಷ್ಟು ಹೊತ್ತೂ ನಾನು ನಿಲ್ಲಿಸುವಂತಿಲ್ಲ.
ಏನೂ ಆಗದವಳು ಒಬ್ಬಳಾದರೂ ಬೇಕಲ್ಲ,
ಶ್ರುತಿ ನೋಡಿಕೊಳ್ಳಲು.

ಪಾಸ್ಟರ್ ಎರ್ಮೋಹೆನೆಸ್ ಅಂದರು, ಏಳು ದಿನ ಉಪವಾಸವಿರು.
ಇದ್ದೆ.
ನಾಲ್ಕನೆಯ ದಿನ ಓಣಿಯ ಇಟ್ಟಿಗೆ ಒಲೆಯಲ್ಲಿ
ಯಾರೋ ರೊಟ್ಟಿ ತೆಗೆದರು.
ಹಸಿವಾಯಿತು, ಬರೀ ಹಸಿವು,
ಅದು ಯಾರ ಹೆಸರನ್ನೂ ಹೇಳಲಿಲ್ಲ.

ಒಂದು ಸಲ ನಟಿಸಿದ್ದೂ ಉಂಟು.
ಕೈಯೆತ್ತಿದೆ, ಗಲ್ಲ ಅದುರಿಸಿದೆ,
ಗೊತ್ತಿಲ್ಲದ ಭಾಷೆಯಲ್ಲಿ ನಾಲ್ಕು ಮಾತು ತೊದಲಿದೆ.
ಎಲ್ಲರೂ ಅತ್ತರು, ಕ್ಲೋರಿಂಡಾ ಎಲ್ಲರಿಗಿಂತ ಹೆಚ್ಚು.
ಆ ರಾತ್ರಿ ಪಾತ್ರೆ ತಿಕ್ಕಿದೆ, ತಿಕ್ಕಿದ್ದನ್ನೇ ತಿಕ್ಕಿದೆ.

ಬೌದಿಲಿಯೊ ಸಭೆಗೆ ಬಂದವನಲ್ಲ.
ಅವನ ಗಣಿ ಸಮುದ್ರದ ಕೆಳಗೆ,
ದಡದಿಂದ ಎಷ್ಟೋ ದೂರ ಒಳಗೆ.
ಬುತ್ತಿ ಬಿಚ್ಚುವ ಹೊತ್ತು
ಒಮ್ಮೊಮ್ಮೆ ದೀಪ ಆರಿಸಿ ಕೂರುತ್ತಿದ್ದರಂತೆ.
‘ತಲೆಯ ಮೇಲೆ ಕಡಲಿನ ಕಲ್ಲುಗಳು ಉರುಳುವುದು ಕೇಳಿಸುತ್ತೆ.
ಬಾಯಲ್ಲಿ ತುತ್ತಿದ್ದರೂ ಅಗಿಯುವುದನ್ನು ನಿಲ್ಲಿಸುತ್ತೇವೆ.’
ಅದು ದೇವರೇ, ಅಂತ ಕೇಳಿದೆ.
‘ಅದು ಸಮುದ್ರ ಕಣೆ’ ಅಂದ.
ಸ್ವಲ್ಪ ಹೊತ್ತು ಬಿಟ್ಟು,
‘ಆದರೂ ಯಾರೂ ಮಾತಾಡುವುದಿಲ್ಲ.’

ಗಣಿ ಮುಚ್ಚಿತು. ಅವನ ಶ್ವಾಸಕೋಶ ಮಾತ್ರ
ಕೆಲಸಕ್ಕೆ ಹೋಗುವುದನ್ನು ಬಿಡಲಿಲ್ಲ.
ಕೆಮ್ಮಿದರೆ ಕರವಸ್ತ್ರದ ತುಂಬ ಕಪ್ಪು.
ಮಲಗಿದರೆ ಉಸಿರು ಕಟ್ಟುತ್ತಿತ್ತು,
ಗೋಡೆಗೊರಗಿಸಿ ಕೂರಿಸುತ್ತಿದ್ದೆ,
ಬೆನ್ನ ಮೇಲೆ ಅಂಗೈ ಇಟ್ಟು
ಒಂದು ಉಸಿರು ಮುಗಿದು ಇನ್ನೊಂದು ಬರುವ ತನಕ
ನಾನೂ ಹಿಡಿದಿರುತ್ತಿದ್ದೆ.

ಆಗಸ್ಟಿನ ಒಂದು ರಾತ್ರಿ.
ಮಳೆಯಿಲ್ಲ, ನಾಯಿಗಳು ಸುಮ್ಮನಿದ್ದವು.
ಒಂದು ಉಸಿರು ಹೋಯಿತು.
ಇನ್ನೊಂದು ಬರಲೋ ಬೇಡವೋ ಎನ್ನುತ್ತಿತ್ತು.
ಆಗ ಕಾಲದೆಸೆಯಲ್ಲಿ
ಹಾಸಿಗೆ ತಗ್ಗಿತು,
ದಿನವಿಡೀ ನಿಂತು ದಣಿದವರು ಯಾರೋ
ಬಂದು ಅಂಚಿಗೆ ಕೂತ ಹಾಗೆ.
ಬೆಳಕಿಲ್ಲ. ಬಿಸಿ ಎಣ್ಣೆಯಿಲ್ಲ.
ರೋಮವೊಂದೂ ನಿಮಿರಲಿಲ್ಲ.
ಬರೀ ಭಾರ.
ಸ್ಪ್ರಿಂಗು ಕಿರ್ರೆಂದದ್ದು ಅವನಿಗೂ ಕೇಳಿಸಿರಬೇಕು,
ತಲೆ ತುಸು ಆ ಕಡೆ ಹೊರಳಿತು.
ನಾನು ನೋಡಲಿಲ್ಲ.
ಹೆದರಿಕೆಯಿಂದಲ್ಲ,
ಬಂದವರನ್ನು ದಿಟ್ಟಿಸಬಾರದು ಅಂತ
ಅಮ್ಮ ಹೇಳಿಕೊಟ್ಟಿದ್ದಳು.

ಆ ಭಾನುವಾರವೇ ಸಾಕ್ಷಿ ಹೇಳುವ ಸರದಿ ನನಗೆ ಬಂತು.
ಕರಿ ಲಂಗ, ಮೊದಲ ಬೆಂಚು, ಎಲ್ಲರ ಕಣ್ಣೂ ನನ್ನ ಮೇಲೆ.
ಎರಡನೆಯ ತಂತಿ ಸಡಿಲವಾಗಿದೆ ಅಂದೆ,
ಬಿರಡೆ ತಿರುಗಿಸುತ್ತ ಕೂತೆ.
ಕ್ಲೋರಿಂಡಾ ಆಗಲೇ ಎದ್ದು ನಿಂತಿದ್ದಳು.

ಏನು ಹೇಳಲಿ?
ಹಾಸಿಗೆ ತಗ್ಗಿತು,
ನಾನು ಮೊಣಕಾಲು ಮಡಚಿ
ಕಂಬಳಿ ಈಚೆಗೆಳೆದುಕೊಂಡೆ,
ಜಾಗವಾಗಲಿ ಅಂತ.